ಬಿಳಿ ನಾಯಿಯ ವಾಕಿಂಗ್

ನಾನು ದನದ ಡಾಕ್ಟರು. ನಾಯಿ ದಿನಕ್ಕೆ ಎಷ್ಟು ನಡೆಯಬೇಕು ಎಂದು ನಮ್ಮ ಕಡೆ ನನ್ನನ್ನು ಯಾರೂ ಕೇಳುವುದಿಲ್ಲ. ಆವತ್ತು ಆನವಟ್ಟಿ ಹತ್ತಿರದ ಹಳ್ಳಿಯೊಂದರಲ್ಲಿ ಕುರಿಗಳಿಗೆ ಲಸಿಕೆ ಹಾಕಿ ಕೈ ತೊಳೆಯುತ್ತಿದ್ದಾಗ ಆ ಮನೆಯ ಹಿರಿಯಾಕೆ ಕೇಳಿಯೇಬಿಟ್ಟರು.

“ಈ ಬಿಳಿ ನಾಯಿಗೆ ದಿನಾ ವಾಕಿಂಗ್ ಬೇಕು ಅಂತಾಳಲ್ರೀ ನಮ್ಮ ಸೊಸೆ. ಕುರಿ ಕಾಯೋ ನಾಯಿ ಕರಿಯನ್ನ ಯಾರು ವಾಕಿಂಗ್ ಕರ್ಕೊಂಡು ಹೋಗ್ತಾರೆ?”

ಬಿಳಿ ನಾಯಿ ಎಂದರೆ ಜಗುಲಿ ಮೇಲೆ ಮಲಗಿದ್ದ ಪುಟ್ಟ ಪೊಮೆರೇನಿಯನ್. ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. “ಇಡೀ ದಿನ ಕುರಿ ಹಿಂದೆ ಓಡೋ ಕರಿಯನಿಗೆ ಬೇರೆ ವಾಕಿಂಗ್ ಬೇಡ. ಇದು ಸಣ್ಣ ಜಾತಿ, ಅಂಗಳದಲ್ಲೇ ಅರ್ಧ ಗಂಟೆ ಆಡಿಸಿದ್ರೆ ಸಾಕು.”

ಹಿಂದೆ ನಿಂತಿದ್ದ ಸೊಸೆಯ ಮುಖ ಬಾಡಿತು. “ಅಂಗಳ ಸಾಲಲ್ಲ ಅಲ್ವಾ ಡಾಕ್ಟ್ರೇ? ಕೆರೆ ಏರಿ ತನಕನಾದ್ರೂ ಹೋಗ್ಬೇಕಲ್ವಾ?”

ಆಗ ನನಗೆ ಹೊಳೆಯಿತು. ಕೊಡ, ಹುಲ್ಲಿನ ಹೊರೆ ಏನೂ ಇಲ್ಲದೆ ಬರಿಗೈಯಲ್ಲಿ ಹೊರಟ ಸೊಸೆಯನ್ನು ಇಡೀ ಊರೇ ಎಲ್ಲಿಗೆ ಎಂದು ಕೇಳುತ್ತದೆ. ಕೈಯಲ್ಲಿ ನಾಯಿಯ ಹಗ್ಗವಿದ್ದರೆ ಕೇಳುವುದಿಲ್ಲ.

“ಏರಿ ತನಕ ಹೋದ್ರೆ ಇನ್ನೂ ಒಳ್ಳೇದು, ದಿನಾ ಹೋಗ್ಲಿ,” ಎಂದೆ.

“ಹಂಗಾರೆ ನಾನೂ ಜತೆಗೆ ಹೋಗ್ತೀನಿ,” ಅಂದರು ಅತ್ತೆ. ಪಾಪ, ಕೆಲಸ ಕೆಡಿಸಿದೆನಲ್ಲ ಎಂದುಕೊಂಡು ಬೈಕ್ ಹತ್ತಿದೆ.

ಮುಂದಿನ ತಿಂಗಳು ಅದೇ ಏರಿ ಮೇಲೆ ಅತ್ತೆ ಸೊಸೆ ಇಬ್ಬರೂ ನಗುತ್ತಾ ಎದುರಾದರು. ನಾಯಿ ಅತ್ತೆಯ ಕಂಕುಳಲ್ಲಿತ್ತು.

“ಇದೇನ್ರೀ ಇದು?” ಎಂದೆ.

“ಅದಕ್ಕೆ ಸಾಕಾಯ್ತು ಕಣ್ರೀ,” ಅಂದರು ಅತ್ತೆ. “ನಮಗೆ ಇನ್ನೂ ಅರ್ಧ ಏರಿ ಬಾಕಿ ಐತೆ.”