ಕೇಳಿದ್ದು ಒಂದು, ಕೊಸರು ಒಂದು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಗ್ರಂಥಾಲಯದ ನೆಲಮಾಳಿಗೆಯಲ್ಲಿ ಟ್ಯೂಬ್‌ಲೈಟುಗಳು ಒಂದೊಂದಾಗಿ ಮಿಣುಕಿ, ಸ್ವಲ್ಪ ಯೋಚಿಸಿ, ಹೊತ್ತಿಕೊಳ್ಳುತ್ತಿವೆ. ಮೂಗಿಗೆ ಬಟ್ಟೆ ಕಟ್ಟಿ ತೋಳು ಮಡಚಿಕೊಂಡ ಹೆಂಗಸೊಬ್ಬರು ಕಬ್ಬಿಣದ ಕಪಾಟುಗಳ ಸಂದಿಯಲ್ಲಿ ಹೆಚ್ಚುಕಡಿಮೆ ಓಡುತ್ತಿದ್ದಾರೆ. ಕೈಯಲ್ಲಿ ಚೀಟಿಗಳ ಕಟ್ಟು. ನಿನ್ನೆ ಸಂಜೆ ಓದುಗರು ಪೆಟ್ಟಿಗೆಗೆ ಹಾಕಿಹೋದ ಚೀಟಿಗಳಿವು. ಮೇಲಿನ ಬಾಗಿಲು ತೆರೆಯುವ ಹೊತ್ತಿಗೆ ಇಷ್ಟೂ ಪುಸ್ತಕಗಳು ಕೌಂಟರ್ ಸೇರಬೇಕು.

ಸೇರಿಸಲು ಗೋಡೆಯೊಳಗೆ ಒಂದು ಪುಟ್ಟ ಲಿಫ್ಟು ಇದೆ. ಮನುಷ್ಯರಿಗಲ್ಲ, ಪುಸ್ತಕಗಳಿಗೆ. ಹಗ್ಗ ಜಗ್ಗಿದರೆ ಮರದ ಪೆಟ್ಟಿಗೆ ಕಿರುಗುಟ್ಟುತ್ತಾ ಮೇಲೇರುತ್ತದೆ. ಆಕೆ ಒಂದು ಚೀಟಿ ನೋಡುತ್ತಾರೆ, ಪುಸ್ತಕ ಎಳೆಯುತ್ತಾರೆ, ನಾಲ್ಕು ಹೆಜ್ಜೆ ನಡೆದು ಗಕ್ಕನೆ ನಿಲ್ಲುತ್ತಾರೆ. ತಿರುಗಿ ಬಂದು ಬೇರೊಂದು ಕಪಾಟಿನಿಂದ ಇನ್ನೊಂದು ಪುಸ್ತಕ ತೆಗೆದು ಮೊದಲನೆಯದರ ಮೇಲಿಡುತ್ತಾರೆ. ಈ ಎರಡನೆಯದನ್ನು ಯಾರೂ ಕೇಳಿಲ್ಲ.

"ಅದು ಕೊಸರು," ಎನ್ನುತ್ತಾರೆ, ಸೀನುತ್ತಾ. "ನಮ್ಮಮ್ಮ ಬುಟ್ಟಿ ಹೊತ್ತು ಸೊಪ್ಪು ಮಾರ್ತಿದ್ರು. ಕೇಳಿದಷ್ಟು ಕಟ್ಟು ಕೊಟ್ಟು, ಮೇಲೆ ಒಂದು ಹಿಡಿ ಬೇರೆ ಸೊಪ್ಪು ಹಾಕೋರು. ದಿನಾ ಪಾಲಕ್ ತಗೊಳ್ಳೋರಿಗೆ ಮೆಂತ್ಯ, ಮೆಂತ್ಯದವರಿಗೆ ಇನ್ನೊಂದು. ಯಾಕಮ್ಮ ಸುಮ್ನೆ ಕೊಡ್ತೀಯ ಅಂದ್ರೆ, ನಾಳೆ ಅದನ್ನೇ ಕೇಳ್ಕೊಂಡು ಬರ್ತಾರೆ ನೋಡ್ತಿರು ಅನ್ನೋರು. ಬರ್ತಿದ್ರು!"

ಅದಕ್ಕೇ ಗ್ರಂಥಾಲಯದಲ್ಲಿ ಆಕೆಯ ಹೆಸರು ಕೊಸರಕ್ಕ. ಹಾಜರಿ ಪುಸ್ತಕದಲ್ಲಿರುವ ಹೆಸರನ್ನು ಆಕೆಯೇ ಮರೆತಿರುವ ಹಾಗಿದೆ.

ಒಳ್ಳೆಯ ಪುಸ್ತಕವೊಂದನ್ನು ಮುಗಿಸಿದ ಮರುಗಳಿಗೆಯ ಅನಾಥ ಸ್ಥಿತಿ ಓದುವವರಿಗೆಲ್ಲ ಗೊತ್ತು. ಕಥೆಯೊಳಗಿಂದ ನಮ್ಮನ್ನು ಹೊರಗೆ ತಳ್ಳಿ ಬಾಗಿಲು ಹಾಕಿಕೊಂಡಂತಿರುತ್ತದೆ. ಈಗೇನು ಓದುವುದು? ಗೆಳೆಯರು ಹೇಳಿದ್ದು ರುಚಿಸುವುದಿಲ್ಲ, ಪತ್ರಿಕೆಗಳು ಹೊಗಳಿದ್ದು ಹತ್ತನೇ ಪುಟಕ್ಕೇ ನಿದ್ದೆ ತರಿಸುತ್ತದೆ. ಅಂಥ ಹೊತ್ತಿನಲ್ಲಿ ಕೌಂಟರಿನ ಮೇಲೆ, ನೀವು ಕೇಳಿದ ಪುಸ್ತಕದ ಬೆನ್ನ ಮೇಲೆ, ನೀವು ಕೇಳದ ಪುಸ್ತಕವೊಂದು ಸವಾರಿ ಮಾಡಿಕೊಂಡು ಬರುತ್ತದೆ. ಬೇಕಿದ್ದರೆ ಒಯ್ಯಿರಿ, ಬೇಡವಾದರೆ ಬಿಡಿ. ಯಾರು ಕಳಿಸಿದರೆಂದು ಓದುಗರಿಗೆ ಗೊತ್ತಾಗುವುದಿಲ್ಲ.

ಕೊಸರಕ್ಕ ಓದಿದ್ದು ಏಳನೇ ತರಗತಿಯವರೆಗೆ. ಇಲ್ಲಿ ಕಸ ಗುಡಿಸುತ್ತಿದ್ದ ಸ್ವಂತ ಅಕ್ಕ ಹೆರಿಗೆಗೆ ಹೋದಾಗ ಬದಲಿಗೆ ಬಂದವರು. ಅಕ್ಕ ಮತ್ತೆ ಬರಲಿಲ್ಲ, ಇವರು ಹೋಗಲಿಲ್ಲ. ನೆಲಮಾಳಿಗೆಯ ಹಳೆಯ ನೌಕರ ನಿವೃತ್ತರಾದ ಮೇಲೆ ಪೊರಕೆ ಬಿಟ್ಟು ಹಗ್ಗ ಹಿಡಿದರು. ದಿನಕ್ಕೆ ಎಪ್ಪತ್ತು ಎಂಬತ್ತು ಚೀಟಿ. ಕಿಟಕಿ ಇಲ್ಲ, ಗೋಡೆಗೆ ತೇವ, ಧೂಳಿಗೆ ವರ್ಷವಿಡೀ ನೆಗಡಿ. ಮಂಡಿ ಹಿಡಿದುಕೊಂಡೇ ಏಣಿ ಹತ್ತುತ್ತಾರೆ. ಓದುವುದು ನಿಧಾನ, ಸಾಲಿನ ಕೆಳಗೆ ಬೆರಳಿಟ್ಟುಕೊಂಡು. "ನನ್ನ ಮಗಳು ನಗ್ತಾಳೆ. ಅಮ್ಮಾ, ನೀನು ಒಂದು ಪುಟ ಮುಗಿಸೋಷ್ಟರಲ್ಲಿ ಕಥೆಯಲ್ಲಿರೋರಿಗೆ ವಯಸ್ಸಾಗುತ್ತೆ ಅಂತಾಳೆ. ಆಗ್ಲಿ ಬಿಡೇ, ನಂಗೇನು ಅವಸರ ಅಂತೀನಿ."

ಆದರೆ ಇವತ್ತು ಅವಸರವಿದೆ. ಇವತ್ತು ಪಂದ್ಯ.

ಕೌಂಟರಿನಲ್ಲಿ ಕೂರುವ ಗುಮಾಸ್ತನಿಗೆ ಕೊಸರಿನ ಮೇಲೆ ಬಹಳ ದಿನಗಳ ಸಿಟ್ಟು. ಇಬ್ಬರೂ ಮಾತಾಡುವುದು ಲಿಫ್ಟಿನ ಗೂಡಿನೊಳಗೆ ತಲೆ ತೂರಿಸಿ, ಕೂಗಿ. "ಅಕ್ಕಾ, ಹತ್ತು ಕೊಸರು ಕಳಿಸಿದ್ರೆ ನಾಲ್ಕು ವಾಪಸ್ ಇಳಿಸ್ತೀನಿ. ನನ್ನ ತೋಳೇನು ಬಾವಿ ರಾಟೆನಾ?" ಎಂದು ಆತ ನಿನ್ನೆ ಮೇಲಿನಿಂದ ಕೂಗಿದ್ದಾನೆ. ಮಾತಿಗೆ ಮಾತು ಬೆಳೆದಿದೆ. ಕೊನೆಗೆ ಆತನೇ ಒಂದು ಸವಾಲು ಎಸೆದಿದ್ದಾನೆ: "ಮೊಂಡಪ್ಪ ನಾಳೆ ನಿನ್ನ ಕೊಸರು ತಗೊಂಡು ಹೋದ್ರೆ ನಾನಿನ್ನು ಉಸಿರೆತ್ತಲ್ಲ. ಬಿಟ್ಟು ಹೋದ್ರೆ, ನಾಡಿದ್ದಿಂದ ಚೀಟಿಯಲ್ಲಿ ಇದ್ದಷ್ಟೇ ಕಳಿಸ್ಬೇಕು. ಕೊಸರು ಬಂದ್!"

"ಆಯ್ತು ಹೋಗು ತಮ್ಮಾ!" ಎಂದುಬಿಟ್ಟಿದ್ದಾರೆ ಕೊಸರಕ್ಕ. ಆಮೇಲೆ ರಾತ್ರಿಯಿಡೀ ಒಂದೊಂದೇ ಪುಸ್ತಕ ನೆನೆಸಿಕೊಂಡು, ಇದು ಬೇಡ, ಅದೂ ಬೇಡ ಎಂದು ಬಿಟ್ಟಿದ್ದಾರೆ.

ಯಾಕೆಂದರೆ ಮೊಂಡಪ್ಪ ಇದುವರೆಗೆ ಒಂದೇ ಒಂದು ಕೊಸರನ್ನೂ ಮುಟ್ಟಿಲ್ಲ. ಮೊಂಡಪ್ಪ ಎಂಬುದು ಈ ಓದುಗರಿಗೆ ಆಕೆಯೇ ಇಟ್ಟ ಅಡ್ಡಹೆಸರು. ಅವರ ಮುಖ ಆಕೆಗೆ ಗೊತ್ತಿಲ್ಲ, ದುಂಡಗಿನ ಅಕ್ಷರ ಮಾತ್ರ ಗೊತ್ತು. ಒಬ್ಬನೇ ಲೇಖಕನ ಸಮುದ್ರಯಾನದ ಕಾದಂಬರಿಗಳನ್ನು ಕ್ರಮವಾಗಿ ಓದುತ್ತಾ ಬಂದಿದ್ದಾರೆ. ಇವತ್ತಿನ ಚೀಟಿಯಲ್ಲಿರುವುದು ಆ ಸಾಲಿನ ಕಟ್ಟಕಡೆಯದು. ಕೆಳಗೆ ಅದೇ ದುಂಡಗಿನ ಅಕ್ಷರದಲ್ಲಿ ಒಂದು ಸಾಲು: "ಇದಾದ ಮೇಲೆ ಓದಲು ಏನೂ ಉಳಿದಿಲ್ಲ. ಕಾರ್ಡು ವಾಪಸ್ ಕೊಡುತ್ತೇನೆ."

"ಏನೂ ಉಳಿದಿಲ್ವಂತೆ!" ಕೊಸರಕ್ಕ ನೆಲದಿಂದ ಚಾವಣಿಯವರೆಗೆ ಪುಸ್ತಕ ತುಂಬಿದ ಕಪಾಟುಗಳತ್ತ ಕೈ ಬೀಸುತ್ತಾರೆ. "ಇವೆಲ್ಲ ಏನು, ಇಟ್ಟಿಗೆನಾ?"

ಬೇರೆಲ್ಲರ ಚೀಟಿ ಮುಗಿಸಿ ಆಕೆ ಮೊಂಡಪ್ಪನ ಕೆಲಸಕ್ಕೆ ಕೈಹಾಕುತ್ತಾರೆ. ಅವರು ಹಿಂದಿರುಗಿಸಿದ ಸಮುದ್ರದ ಕಥೆಯೊಂದನ್ನು ಮೇಜಿನ ಮೇಲೆ ಬೆನ್ನು ಕೆಳಗಾಗಿ ನಿಲ್ಲಿಸಿ, ಮೆಲ್ಲಗೆ ಕೈ ಬಿಡುತ್ತಾರೆ. ಪುಸ್ತಕ ತಾನಾಗಿಯೇ ಎರಡು ಹೋಳಾಗಿ ತೆರೆದುಕೊಳ್ಳುತ್ತದೆ. "ಎಲ್ಲಿ ತುಂಬಾ ಹೊತ್ತು ತೆರೆದು ಕೂತಿದ್ರೋ ಅಲ್ಲೇ ಬೀಳುತ್ತೆ. ಯಾವಾಗ್ಲೂ ಸರಿಯಾಗಿರಲ್ಲ. ಒಂದ್ಸಲ ಒಬ್ರು ಅದರ ಮೇಲೆ ಚಾಪೆ ಹಾಸಿ ಮಲಗಿದ್ರು ಅಂತ ಕಾಣುತ್ತೆ!"

ತೆರೆದ ಪುಟದಲ್ಲಿ ನಾವಿಕರು ಹಡಗಿನ ತೂತಿಗೆ ಟಾರು ಬಳಿಯುತ್ತಿದ್ದಾರೆ. ಎರಡನೇ ಪುಸ್ತಕ ನಿಲ್ಲಿಸುತ್ತಾರೆ. ಹರಿದ ಹಾಯಿಗೆ ಹೊಲಿಗೆ. ಮೂರನೆಯದರಲ್ಲಿ ಮುರಿದ ಕಂಬಕ್ಕೆ ಪಟ್ಟಿ ಬಿಗಿಯುತ್ತಿದ್ದಾರೆ. ಕೊಸರಕ್ಕನ ಬೆರಳು ಸಾಲಿನ ಕೆಳಗೆ ನಿಂತೇ ಬಿಡುತ್ತದೆ. ಮೂಗಿನ ಬಟ್ಟೆ ಕಿತ್ತೆಸೆಯುತ್ತಾರೆ.

"ನೋಡಿ, ನೋಡಿ! ಬಿರುಗಾಳಿ ಬಂದ ಪುಟ ಅಲ್ಲ, ಬಿರುಗಾಳಿ ಹೋದ ಮೇಲಿನ ಪುಟ! ಈ ಮನುಷ್ಯನಿಗೆ ಸಮುದ್ರ ಬೇಕಿಲ್ಲ, ರಿಪೇರಿ ಬೇಕು! ಬಡಗಿ ಇರ್ಬೇಕು. ಇಷ್ಟು ದಿನ ಪಾಪ, ಕೊಸರು ಅಂತ ಒಂದರ ಮೇಲೊಂದು ಉಪ್ಪುನೀರೇ ಕುಡಿಸಿದ್ದೀನಲ್ಲ!"

ಈಗ ಶುರುವಾಗುವುದು ನಿಜವಾದ ಬೇಟೆ. ಏಣಿ ಎಳೆಯುವುದು, ಹತ್ತುವುದು, ಒಂದು ತೆಗೆಯುವುದು, ಮೂಗು ಮುರಿಯುವುದು. ಗಡಿಯಾರ ರಿಪೇರಿಯ ಪುಸ್ತಕ ಸಿಗುತ್ತದೆ, ಅದರಲ್ಲಿ ಕಥೆಯೇ ಇಲ್ಲ. ಮನೆ ಕಟ್ಟುವವನ ಕಾದಂಬರಿ ಸಿಗುತ್ತದೆ. "ಇದರಲ್ಲಿ ಕಟ್ಟೋದು ಕಡಿಮೆ, ಅಳೋದು ಜಾಸ್ತಿ." ಇನ್ನೊಂದರಲ್ಲಿ ಕಮ್ಮಾರ ಮೂರನೇ ಪುಟದಲ್ಲೇ ಸಾಯುತ್ತಾನೆ. ಮೇಲಿನಿಂದ ಗುಮಾಸ್ತನ ದನಿ ಇಳಿಯುತ್ತದೆ: "ಅಕ್ಕಾ, ಬಾಗಿಲು ತೆಗೆದಾಯ್ತು! ನಿನ್ನ ಮೊಂಡಪ್ಪ ಸಾಲಲ್ಲಿ ನಿಂತಿದ್ದಾರೆ!"

ಏಣಿಯ ಮೇಲೆ ನಿಂತಿದ್ದ ಕೊಸರಕ್ಕ ಹಣೆ ಬಡಿದುಕೊಳ್ಳುತ್ತಾರೆ. "ಅಯ್ಯೋ ನನ್ನ ಬುದ್ಧಿಗಿಷ್ಟು! ನನ್ನ ಮೇಜಿನ ಮೇಲೇ ಇದೆಯಲ್ಲ!"

ದಡದಡ ಇಳಿದು ಮೇಜಿನತ್ತ ಓಡುತ್ತಾ ಏದುಸಿರಿನಲ್ಲೇ ಕಥೆ ಹೇಳುತ್ತಾರೆ. ಯಾವುದೋ ದೂರದ ಭಾಷೆಯಿಂದ ಬಂದ ಕಾದಂಬರಿ. ಹೊಳೆದಂಡೆಯಲ್ಲಿ ಒಂದು ಹಿಟ್ಟಿನ ಗಿರಣಿ, ಅದರ ನೀರಿನ ಚಕ್ರ ಮುರಿದಿದೆ. ಮನೆಯಲ್ಲಿ ಉಳಿದಿರುವುದು ಅತ್ತೆ, ಸೊಸೆ. ಇಬ್ಬರೂ ಮಾತು ಬಿಟ್ಟಿದ್ದಾರೆ. ಆದರೆ ಒಬ್ಬರು ಹಿಡಿದುಕೊಳ್ಳದೆ ಇನ್ನೊಬ್ಬರು ಮೊಳೆ ಹೊಡೆಯುವಂತಿಲ್ಲ. "ಪುಸ್ತಕದ ಉದ್ದಕ್ಕೂ ರಿಪೇರಿನೇ!" ಎನ್ನುತ್ತಾ ಮೇಜಿನ ಮೇಲಿದ್ದ ದಪ್ಪ ಕಂದು ಪುಸ್ತಕವನ್ನು ಸಮುದ್ರದ ಕಥೆಯ ಮೇಲೆ ಕುಕ್ಕಿ ಹಗ್ಗ ಜಗ್ಗುತ್ತಾರೆ.

ನಂತರ ಗೂಡಿನೊಳಗೆ ಕಿವಿಯಿಟ್ಟು ನಿಲ್ಲುತ್ತಾರೆ. ಮೇಲಿನಿಂದ ಗುಮಾಸ್ತ ಪಿಸುಗುಡುತ್ತಾನೆ.

"ನೋಡ್ತಿದ್ದಾರೆ... ಪಕ್ಕಕ್ಕೆ ತಳ್ಳಿದ್ರು."

ಕೊಸರಕ್ಕ ಹಗ್ಗವನ್ನು ಇನ್ನೂ ಬಿಗಿಯಾಗಿ ಹಿಡಿಯುತ್ತಾರೆ.

"ಇಲ್ಲ, ತಡಿ. ತೆಗೆದ್ರು. ನಿಂತ್ಕೊಂಡೇ ಓದ್ತಿದ್ದಾರೆ... ಕೂತ್ರು." ಕೊಸರಕ್ಕ ಮೇಜಿನ ಮೇಲೆ ನಿಲ್ಲಿಸಿದ್ದ ಸಮುದ್ರದ ಕಥೆಗಳನ್ನು ಒಂದೊಂದಾಗಿ ಕಪಾಟಿಗೆ ಸೇರಿಸುತ್ತಾರೆ, ಕಿವಿ ಮಾತ್ರ ಗೂಡಿನತ್ತಲೇ. ಆಮೇಲೆ ಗಾಬರಿಯ ದನಿ: "ಅಕ್ಕಾ, ಎದ್ರು! ಮುಖ ಕೆಂಪಾಗಿದೆ. ಏನು ಕಳಿಸಿದ್ಯಮ್ಮಾ? ಕೆಳಗೇ ಬರ್ತಿದ್ದಾರೆ!"

ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದು. ಇಳಿದು ಬಂದವರು ಸಣ್ಣ ದೇಹದ, ಅಚ್ಚುಕಟ್ಟಾದ ಹಿರಿಯರು. ಬೆರಳುಗಳಿಗೆ ಬಿಳಿಯ ಪುಡಿ ಅಂಟಿದೆ. ಪುಸ್ತಕವನ್ನು ಎತ್ತಿ ಹಿಡಿಯುತ್ತಾರೆ.

"ಇದರ ಮೊದಲನೇ ಭಾಗ ಎಲ್ಲಿ? ಪುಸ್ತಕ ತೆಗೆದ್ರೆ ಆಗಲೇ ಒಬ್ಬಳು ಉಳಿ ಹಿಡ್ಕೊಂಡು ಹೊಳೆಯಲ್ಲಿ ನಿಂತಿದ್ದಾಳೆ. ಯಾಕೆ ನಿಂತಳು, ಇನ್ನೊಬ್ಬಳು ಯಾಕೆ ಮಾತಾಡ್ತಿಲ್ಲ, ಒಂದೂ ತಿಳಿಯಲ್ಲ. ಹೀಗಾ ಪುಸ್ತಕ ಕೊಡೋದು?"

ಕೊಸರಕ್ಕ ಪುಸ್ತಕದ ಬೆನ್ನಿನ ಮೇಲಿನ ಅಂಕಿ ನೋಡಿ ನಾಲಿಗೆ ಕಚ್ಚಿಕೊಳ್ಳುತ್ತಾರೆ. ಎರಡನೇ ಭಾಗ. ಎರಡಕ್ಕೂ ಒಂದೇ ಕಂದು ರಟ್ಟು. "ತಪ್ಪಾಯ್ತು ಸಾರ್. ಅವಸರದಲ್ಲಿ ಇದನ್ನ ಏರಿಸಿಬಿಟ್ಟೆ."

"ಅದೂ ಅಲ್ಲದೆ ಅವಳು ಚಕ್ರದ ಹಲ್ಲು ಕೆತ್ತೋ ರೀತಿನೇ ಸರಿಯಿಲ್ಲ. ಅಳತೆ ತಗೊಳ್ಳದೆ ಯಾರಾದ್ರೂ ಹಲ್ಲು ಮಾಡ್ತಾರೇನ್ರೀ?"

"ಅಳತೆ ಮೊದಲನೇ ಭಾಗದಲ್ಲಿ ತಗೋತಾಳೆ."

ಹಿರಿಯರು ಒಂದು ಹೆಜ್ಜೆ ಹತ್ತಿರ ಬರುತ್ತಾರೆ. "ಹೌದಾ? ಯಾವುದರಲ್ಲಿ ತಗೋತಾಳೆ? ಮೇಣದಲ್ಲಾ?"

"ಓದಿ ನೋಡಿ. ನೀವು ಬಡಗಿಗಳಾ ಸಾರ್?"

"ಅಲ್ಲ ರೀ. ಹಲ್ಲಿನ ಸೆಟ್ ಮಾಡ್ತೀನಿ. ಬಾಯಿಗೆ ಹಾಕ್ಕೊಳ್ಳೋದು."

ಕೊಸರಕ್ಕ ಕಪಾಟು ಹಿಡಿದುಕೊಂಡು ನಗುತ್ತಾರೆ. ಹಿರಿಯರೂ ತಡೆಯಲಾರದೆ ನಗುತ್ತಾರೆ. ಅವರದು ಮಾತ್ರ ಅಸಲಿ ಹಲ್ಲು. ಆಕೆ ಮೇಜಿನಿಂದ ಮೊದಲನೇ ಭಾಗ ತಂದುಕೊಟ್ಟು, ಎರಡನೆಯದಕ್ಕೆ ಕೈ ಚಾಚಿದರೆ ಅವರು ಅದನ್ನು ಕಂಕುಳಿಗೆ ಸೇರಿಸುತ್ತಾರೆ.

"ಇದು ಮುಗಿದ ತಕ್ಷಣ ಅದು ಬೇಕಲ್ಲ! ಅಷ್ಟರಲ್ಲಿ ಇನ್ಯಾರಾದ್ರೂ ಹೊತ್ತುಕೊಂಡು ಹೋದ್ರೆ?"

"ಮತ್ತೆ ನಿಮ್ಮ ಸಮುದ್ರದ್ದು?"

"ಕೌಂಟರಲ್ಲಿ ಬಿಟ್ಟಿದ್ದೀನಿ. ಇರ್ಲಿ ಬಿಡಿ, ಎಲ್ಲಿ ಓಡಿಹೋಗುತ್ತೆ."

ಅವರು ಮೆಟ್ಟಿಲು ಹತ್ತುತ್ತಲೇ ಪುಟ ತೆರೆದಿದ್ದಾರೆ. ಎರಡು ಸಲ ಎಡವುತ್ತಾರೆ. ಸ್ವಲ್ಪ ಹೊತ್ತಿಗೆ ಗೂಡಿನಿಂದ ಗುಮಾಸ್ತನ ದನಿ ಬರುತ್ತದೆ, ಸೋತದ್ದಕ್ಕಿಂತ ಹೆಚ್ಚು ಅಚ್ಚರಿಯದು: "ಅಕ್ಕಾ, ಕೊಸರು ಒಂದಲ್ಲ, ಎರಡು ತಗೊಂಡ್ರು. ಕಾರ್ಡಿನ ಮಾತೇ ಎತ್ತಲಿಲ್ಲ. ನಾನಿನ್ನು ಬಾಯಿ ಬಿಡಲ್ಲ."

"ಬಿಡು ತಮ್ಮಾ, ಬಾಯಿ ಬಿಟ್ರೆ ಹಲ್ಲಿನ ಅಳತೆ ತಗೋತಾರೆ!"

ಆ ನಗುವಿನ ನಡುವೆಯೇ, ಇಷ್ಟು ವರ್ಷ ಬೇರೆಯವರಿಗೆ ಪುಸ್ತಕ ಹುಡುಕಿಕೊಟ್ಟವರಿಗೆ ತಮಗಾಗಿ ಏನಾದರೂ ಆಸೆ ಇದೆಯೇ ಎಂದು ಕೇಳಿದರೆ, ಕೊಸರಕ್ಕ ಉತ್ತರ ಹೇಳಲು ಹೊರಟವರು ಖಾಲಿ ಮೇಜನ್ನು ನೋಡಿ ನಿಲ್ಲುತ್ತಾರೆ. ಮುಖದ ಮೇಲಿನ ನಗು ಹಾಗೆಯೇ ಇದೆ, ಕಣ್ಣುಗಳು ಮಾತ್ರ ದೊಡ್ಡವಾಗಿವೆ.

"ಆ ಸಾರ್ ಬೇಗ ಬೇಗ ಓದಿ ತಂದ್ರೆ ಸಾಕು. ಎರಡನೇ ಭಾಗ ನಾನು ಅರ್ಧ ಓದಿದ್ದೆ. ಹಗ್ಗ ಹರಿದಿದೆ, ಅತ್ತೆ ಮೊದಲನೇ ಸಲ ಸೊಸೆ ಹೆಸರು ಹಿಡಿದು ಕೂಗ್ತಿದ್ದಾಳೆ, ಅವಳು ಇನ್ನೂ ಚಕ್ರದ ಕೆಳಗೇ ಇದ್ದಾಳೆ!"