ಚೀಲದ ಬಾಯಿಯ ಬಣ್ಣ

ಎರಡು ವರ್ಷದ ಹಿಂದೆ ನಾನು ರಾಣೇಬೆನ್ನೂರಿನ ಕಾಲೇಜೊಂದರಲ್ಲಿ ಭೌತಶಾಸ್ತ್ರದ ಅತಿಥಿ ಉಪನ್ಯಾಸಕ, ಉಳಿದ ಹೊತ್ತು ಪಿಎಚ್.ಡಿ. ವಿದ್ಯಾರ್ಥಿ. ಎರಡರ ನಡುವೆ, ಕಂಡವರ ದನಿ ಅನುಕರಿಸುವ ಚಟದವನು; ಪ್ರಾಂಶುಪಾಲರ ಕೆಮ್ಮನ್ನು ಅವರಿಗಿಂತ ಚೆನ್ನಾಗಿ ಕೆಮ್ಮುವವನು.

ನನ್ನ ವಿಷಯ ಗೆಲಾಕ್ಸಿಗಳ ರಸಾಯನ. ನಕ್ಷತ್ರಗಳು ಆಮ್ಲಜನಕದಂಥ ಭಾರದ ಧಾತುಗಳನ್ನು ಒಡಲಲ್ಲಿ ಬೇಯಿಸಿ, ಸಾಯುವಾಗ ಸುತ್ತಲಿನ ಅನಿಲಕ್ಕೆ ಬೆರೆಸುತ್ತವೆ. ದೊಡ್ಡ ಗೆಲಾಕ್ಸಿಯ ಗುರುತ್ವ ಅದನ್ನು ಹಿಡಿದಿಟ್ಟುಕೊಳ್ಳುತ್ತದೆ; ಸಣ್ಣದರಿಂದ ಬಹಳಷ್ಟು ಸೋರಿಹೋಗುತ್ತದೆ. ಹಾಗಾಗಿ ದ್ರವ್ಯರಾಶಿ ಹೆಚ್ಚಿದಂತೆ ಆಮ್ಲಜನಕದ ಪಾಲೂ ಹೆಚ್ಚು. ನನಗೋ ಒಂದು ಸಣ್ಣ ಗೆಲಾಕ್ಸಿ ಸಿಕ್ಕಿತ್ತು, ದೊಡ್ಡವರಷ್ಟೇ ಆಮ್ಲಜನಕ ಇಟ್ಟುಕೊಂಡು ಕೂತದ್ದು. ನಿಯಮ ಮುರಿದೆನೆಂದು ನಾನು ನೆಲ ಬಿಟ್ಟು ನಡೆಯುತ್ತಿದ್ದೆ. ಸೋಮವಾರ ಪ್ರಬಂಧ ಕಳಿಸುವುದಿತ್ತು. ನನ್ನ ಹೆಸರಿನ ಪಕ್ಕ ಮಾರ್ಗದರ್ಶಕಿ ಮೇಡಂ ಹೆಸರು. ತಪ್ಪಾದರೆ ಅವರು ಇಷ್ಟು ವರ್ಷ ಗಳಿಸಿದ ಮಾನಕ್ಕೂ ಮಸಿ.

ಅದರ ಹಿಂದಿನ ಗುರುವಾರ ಬ್ಯಾಡಗಿ ಮಾರುಕಟ್ಟೆಗೆ ಹೋದೆ. ಸೋದರಮಾವ ಅಲ್ಲಿ ಮೆಣಸಿನಕಾಯಿ ಖರೀದಿದಾರ. ತಗಡಿನ ಸಂದಿನಿಂದ ಇಳಿದ ಬೆಳಗಿನ ಬಿಸಿಲಲ್ಲಿ ಕೆಂಪು ಧೂಳು ನಿಧಾನ ತಿರುಗುತ್ತಿತ್ತು, ಇನ್ನೂ ನಕ್ಷತ್ರವಾಗದ ಅನಿಲದ ಹಾಗೆ. ಎಷ್ಟು ಹೊತ್ತು ನೋಡುತ್ತ ನಿಂತೆನೋ, ಸೀನು ಬಂದಾಗಲೇ ಎಚ್ಚರ.

ಎದುರಿನ ಚೀಲದ ಬಾಯಿ ಬಿಚ್ಚಿತ್ತು. ಮಾವನದೇ ದಪ್ಪ ದನಿ ತೆಗೆದು, ಇಲ್ಲದ ಮೀಸೆ ತಿರುವಿ, "ಮಾಲ್ ಚೊಲೊ ಐತಿ. ಚೀಲ ಪೂರಾ ಕೆಂಪಗ ಐತಿ" ಎಂದೆ.

ಹಮಾಲರು ನಕ್ಕರು. ಮಾವ ನಗಲಿಲ್ಲ. ಮೊಣಕೈವರೆಗೆ ಕೈ ಇಳಿಸಿ ಒಳಗಿನಿಂದ ಒಂದು ಹಿಡಿ ತೆಗೆದ. ಬಿಳಿಚಿದ ಕಾಯಿ.

"ನೋಡಲೇ ಶಾಣ್ಯಾ, ಬಣ್ಣ ಬಾಯಿದಷ್ಟ ನೋಡಿದಿ. ಮಾತು ಮಾತ್ರ ಇಡೀ ಚೀಲದ್ದು ಆಡಾಕತ್ತಿ."

ನನ್ನ ಮೀಸೆಯ ಕೈ ಅಲ್ಲೇ ನಿಂತಿತು. ದೂರದರ್ಶಕದ ಆಪ್ಟಿಕಲ್ ಫೈಬರ್, ಅಂದರೆ ಬೆಳಕು ಸಾಗಿಸುವ ಗಾಜಿನೆಳೆ, ನನ್ನ ಗೆಲಾಕ್ಸಿಯ ನಟ್ಟನಡುವಿನ ಬೆಳಕನ್ನಷ್ಟೇ ಹಿಡಿದಿತ್ತು. ನಡುವೆ ಆಮ್ಲಜನಕ ದಟ್ಟ, ಅಂಚಿಗೆ ತೆಳು. ಆ ನಡುವಿನ ಆಮ್ಲಜನಕದ ಪಕ್ಕ ದ್ರವ್ಯರಾಶಿ ಮಾತ್ರ ಇಡೀ ಗೆಲಾಕ್ಸಿಯದು ಬರೆದಿದ್ದೆ.

ಅಲ್ಲಿಂದಲೇ ಮೇಡಂಗೆ ಫೋನ್ ಮಾಡಿ ಎಲ್ಲ ಹೇಳಿದೆ.

"ಇವತ್ತು ಯಾರ ದನಿನೂ ತಗೀಲಿಲ್ಲ ನೀ," ಎಂದರು. "ಅಂದ್ರ ಖರೇನ ಇರಬೇಕು. ಸೋಮವಾರ ಕಳಸೂದು ಬ್ಯಾಡ. ಅಂಚಿನ ಬೆಳಕು ತರೂಣು."

ಅಂಚಿನಿಂದ ಅಂಚಿಗೆ ಬೆಳಕು ಹಿಡಿಯಲು ನಾಲ್ಕು ತಿಂಗಳು ಬೇಕಾಯಿತು. ಆಮ್ಲಜನಕದ ಲೆಕ್ಕ ಇಳಿಯಿತು.

"ಏನಾತೋ ನಿನ್ನ ಗೆಲಾಕ್ಸಿ?" ಮಾವ ಕೇಳಿದ.

"ಸಣ್ಣವರ ಸಾಲಿಗೆ ಬಂದು ಕುಂತತಿ, ಮಾಮಾ."

"ಅದು ಅಲ್ಲೇ ಕುಂತಿತ್ತಲೇ. ನೀನ ಎಬ್ಬಿಸಿದ್ದಿ."

ಈಗ ಯಾವ ಅಳತೆ ಕಂಡರೂ, ಇದರ ಬೆಳಕು ಎಲ್ಲಿಯದು ಎಂದು ಮೊದಲು ಕೇಳುತ್ತೇನೆ. ತರಗತಿಯಲ್ಲಿ ಮಾವನನ್ನು ಅನುಕರಿಸುವುದು ನಿಂತಿಲ್ಲ. ಆದರೆ ಮೀಸೆ ತಿರುವುವುದನ್ನು ಬಿಟ್ಟು, ಕೈಯನ್ನು ಮೊಣಕೈವರೆಗೆ ಇಳಿಸುತ್ತೇನೆ.