ಬೀರುವಿನೊಳಗೆ ಉಳಿದ ಪಾಸ್‌ಪೋರ್ಟುಗಳು

೧೯೯೦ರಲ್ಲಿ ನಾನು ಕುವೈತಿನ ಮೈದಾನ್ ಹವಲ್ಲಿಯ ಒಂದು ಭಾರತೀಯ ಶಾಲೆಯಲ್ಲಿ ಹನ್ನೊಂದು, ಹನ್ನೆರಡನೆಯ ತರಗತಿಗಳಿಗೆ ಫಿಸಿಕ್ಸ್ ಕಲಿಸುತ್ತಿದ್ದೆ. ಮೈಸೂರು ಬಿಟ್ಟು ಆರು ವರ್ಷವಾಗಿತ್ತು. ನನ್ನ ಗಂಡ ಅರ್ದಿಯಾದ ಒಂದು ಗೋದಾಮಿನಲ್ಲಿ ಸೂಪರ್‌ವೈಸರ್. ಮಗಳು ನನ್ನ ಶಾಲೆಯಲ್ಲೇ ಎರಡನೆಯ ಕ್ಲಾಸು.

ಅಲ್ಲಿ ದುಡಿಯುವ ಪ್ರತಿ ಹೊರದೇಶದವರಿಗೂ ಒಬ್ಬ ಕಫೀಲ್ ಇರಬೇಕು. ಅಂದರೆ ವೀಸಾಕ್ಕೆ ಜವಾಬ್ದಾರನಾದ ಸ್ಥಳೀಯ. ನಮ್ಮ ಶಿಕ್ಷಕರ ಕಫೀಲ್ ಶಾಲೆಯ ಮಾಲೀಕರೇ. ಶಿಕ್ಷಕರ ಪಾಸ್‌ಪೋರ್ಟುಗಳೆಲ್ಲ ಆಫೀಸಿನ ಕಬ್ಬಿಣದ ಬೀರುವಿನಲ್ಲಿರುತ್ತಿದ್ದವು. ಊರಿಗೆ ಹೊರಟಾಗ ಕೊಡುವರು, ವಾಪಸು ಬಂದ ದಿನವೇ ಇಸಿದುಕೊಳ್ಳುವರು. ಕೇಳಿದರೆ, ‘ಸೇಫಾಗಿರುತ್ತೆ ಮೇಡಂ’ ಎನ್ನುವರು. ಯಾರಿಂದ ಸೇಫು ಎಂದು ಮಾತ್ರ ಹೇಳುತ್ತಿರಲಿಲ್ಲ. ಆಗ ಮಕ್ಕಳ ಹೆಸರನ್ನು ತಾಯಿಯ ಪಾಸ್‌ಪೋರ್ಟಿನಲ್ಲೇ ಸೇರಿಸುತ್ತಿದ್ದರು. ಹಾಗಾಗಿ ನನ್ನ ಜೊತೆ ಮಗಳೂ ಆ ಬೀರುವಿನಲ್ಲಿದ್ದಳು.

ಬೇಸಿಗೆ ರಜೆಗೆ ಊರಿನ ಟಿಕೆಟ್ ಸಿಗುತ್ತಿದ್ದುದು ಎರಡು ವರ್ಷಕ್ಕೊಮ್ಮೆ. ಆ ವರ್ಷ ನನ್ನ ಸರದಿ ಇರಲಿಲ್ಲ. ಕೆಜಿ ಮಕ್ಕಳಿಗೆ ಪಾಠ ಹೇಳುತ್ತಿದ್ದ ಉಡುಪಿ ಕಡೆಯ ಸುಮತಿಗೂ ಇರಲಿಲ್ಲ. ಆಕೆ ಏಳು ತಿಂಗಳ ಬಸುರಿ. ಮಧ್ಯಾಹ್ನ ನಲ್ಲಿ ತಿರುಗಿಸಿದರೆ ಕೈ ಸುಡುವ ನೀರು ಬರುವ ಕಾಲ. ಬೆಳಿಗ್ಗೆಯೇ ಬಕೆಟ್ಟುಗಳಲ್ಲಿ ತುಂಬಿಟ್ಟು, ಆರಿದ ಮೇಲೆ ಸ್ನಾನ ಮಾಡುತ್ತಿದ್ದೆವು.

ಆಗಸ್ಟ್ ಎರಡರ ಬೆಳಿಗ್ಗೆ ಇರಾಕಿನ ಟ್ಯಾಂಕುಗಳು ನಗರದೊಳಗೆ ಬಂದವು. ಮಾಲೀಕರು ಆಗ ಯುರೋಪಿನಲ್ಲಿದ್ದರು. ಕೆಲವು ವಾರಗಳಲ್ಲೇ ಅಂಗಡಿಗಳು ಖಾಲಿಯಾದವು, ಖುಬ್ಜ್ ರೊಟ್ಟಿಗೆ ಉರಿಬಿಸಿಲಿನಲ್ಲಿ ಸಾಲು ನಿಲ್ಲುವಂತಾಯಿತು. ಬಸ್ಸಿನಲ್ಲಿ ಬಾಗ್ದಾದ್ ದಾಟಿ ಜೋರ್ಡಾನ್ ತಲುಪಿದರೆ ವಿಮಾನವಿದೆ ಎಂಬ ಸುದ್ದಿ ಬಂತು. ಪಾಸ್‌ಪೋರ್ಟ್ ಇಲ್ಲದವರಿಗೆ ಬದಲಿ ಕಾಗದ ಕೊಡುತ್ತಾರೆ ಎಂದೂ ಹೇಳುತ್ತಿದ್ದರು. ಅದು ಎಂದು ಸಿಗುವುದೋ, ಗಡಿಯಲ್ಲಿ ನಡೆಯುವುದೋ ಇಲ್ಲವೋ, ಯಾರಿಗೂ ಗೊತ್ತಿರಲಿಲ್ಲ. ನಮ್ಮ ಗಂಡಂದಿರ ಪಾಸ್‌ಪೋರ್ಟುಗಳು ಅವರ ಕೈಯಲ್ಲೇ ಇದ್ದವು. ಸುಮತಿಗೆ ಕಾದು ಕೂರುವ ಸ್ಥಿತಿ ಇರಲಿಲ್ಲ.

ಬೀರುವಿನ ಕೀಲಿ ಇದ್ದದ್ದು ವೈಸ್ ಪ್ರಿನ್ಸಿಪಾಲರ ಹತ್ತಿರ. ಬೆಂಗಳೂರಿನವರು, ಯುಗಾದಿಗೆ ನಮ್ಮ ಮನೆಯಲ್ಲಿ ಊಟ ಮಾಡಿದವರು. ಸುಮತಿಯೂ ನಾನೂ ಅವರ ಮನೆಗೆ ಹೋದೆವು.

“ಮಾಲೀಕರ ಪರ್ಮಿಶನ್ ಇಲ್ದೆ ನಾನು ಬೀರು ತೆಗೆಯೋಕಾಗಲ್ಲ. ನಾಳೆ ಅವರು ಬಂದು ಕೇಳಿದ್ರೆ ಏನು ಹೇಳ್ಲಿ? ನನ್ನ ಕೆಲಸದ ಪ್ರಶ್ನೆ” ಎಂದರು.

ನಡುಮನೆಯಲ್ಲಿ ಹಗ್ಗ ಬಿಗಿದ ಸೂಟ್‌ಕೇಸುಗಳಿದ್ದವು. ಯಾರದು ಎಂದು ಸುಮತಿ ಕೇಳಿದಳು. ಅವರ ಹೆಂಡತಿ ತಲೆ ತಗ್ಗಿಸಿಕೊಂಡು, “ಗುರುವಾರದ ಬಸ್ಸಿಗೆ ನಾವು ಹೊರಡ್ತಿದೀವಿ” ಎಂದರು.

ನನಗೆ ಮೈಯೆಲ್ಲ ಉರಿಯಿತು. “ನಿಮ್ಮ ಪಾಸ್‌ಪೋರ್ಟೂ ಅದೇ ಬೀರುವಿನಲ್ಲಿತ್ತಲ್ಲ ಸಾರ್, ಅದಕ್ಕೆ ಯಾರು ಪರ್ಮಿಶನ್ ಕೊಟ್ರು?”

“ಅದು ಬೇರೆ ವಿಷಯ” ಎಂದರು. ದನಿ ಏರಿಸಲಿಲ್ಲ, ನಾಚಿಕೆಯೂ ಪಡಲಿಲ್ಲ. ಟೈಮ್‌ಟೇಬಲ್ ಬದಲಾವಣೆ ತಿಳಿಸುವ ಧಾಟಿಯಲ್ಲೇ ಹೇಳಿದರು. ಇಂದಿಗೂ ನನಗೆ ಸಿಟ್ಟು ತರಿಸುವುದು ಆ ಧಾಟಿ.

ಸುಮತಿ ವಾದ ಮಾಡಲಿಲ್ಲ. ಎಲ್ಲಕ್ಕಿಂತ ದೊಡ್ಡ ಸೂಟ್‌ಕೇಸಿನ ಮೇಲೆ ನಿಧಾನವಾಗಿ ಕೂತಳು. “ನಾನಿನ್ನು ಇಲ್ಲಿಂದ ಏಳುದಿಲ್ಲ ಸರ್. ನಿಮಗೆ ಪೆಟ್ಟಿಗೆ ಬೇಕಿದ್ರೆ ನನ್ನನ್ನು ಎತ್ತಿ ಆಚೆ ಇಡಿ” ಎಂದಳು.

ಅವರು ಗದರಿದರು, ಆಮೇಲೆ ಬೇಡಿಕೊಂಡರು. ಸುಮತಿ ಕೂತೇ ಇದ್ದಳು. ಕೊನೆಗೆ ಅವರ ಹೆಂಡತಿ ಒಳಗಿನಿಂದ ಕೀಲಿ ತಂದು ನನ್ನ ಕೈಗಿಟ್ಟು, “ತಗೊಂಡು ಹೋಗಿ. ಇವರು ಏನಾದ್ರೂ ಅಂದ್ಕೊಳ್ಳಲಿ” ಎಂದರು.

ಶಾಲೆಯ ಗೇಟಿನಲ್ಲಿ ಇಬ್ಬರು ಇರಾಕಿ ಸೈನಿಕರಿದ್ದರು. ‘ಮುದರ್ರಿಸಾ’, ಟೀಚರ್ ಎಂದೆ. ಅವರಲ್ಲೊಬ್ಬ ಸುಮತಿಯ ಹೊಟ್ಟೆ ನೋಡಿ, ‘ಯಲ್ಲಾ’ ಎಂದು ದಾರಿ ಬಿಟ್ಟ. ದೇಶವನ್ನೇ ಆಕ್ರಮಿಸಿದ ಸೈನ್ಯದವನಿಗೆ ಆ ಕ್ಷಣ ಅರ್ಥವಾದದ್ದು ನಮ್ಮ ಕಡೆಯ ವಿದ್ಯಾವಂತರಿಗೆ ಅರ್ಥವಾಗಿರಲಿಲ್ಲ. ಬೀರು ತೆಗೆದೆವು. ನಮ್ಮ ಎರಡನ್ನು ಮಾತ್ರ ತೆಗೆದುಕೊಂಡು ಹೋಗಲು ಮನಸ್ಸಾಗಲಿಲ್ಲ. ಅಲ್ಲಿದ್ದ ಅಷ್ಟೂ ಪಾಸ್‌ಪೋರ್ಟುಗಳನ್ನು ನನ್ನ ತರಕಾರಿ ಚೀಲಕ್ಕೆ ತುಂಬಿಕೊಂಡೆವು. ಮರುದಿನ ನನ್ನ ಗಂಡ, ಸುಮತಿಯ ಗಂಡ ಹವಲ್ಲಿಯಲ್ಲಿ ಮನೆಮನೆ ಹುಡುಕಿ ಅವರವರಿಗೆ ತಲುಪಿಸಿದರು.

ನಾವೆಲ್ಲ ಹೊರಟೆವು. ಜೋರ್ಡಾನಿನ ಮರಳಿನ ಡೇರೆಗಳಲ್ಲಿ ಸುಮತಿಯ ಕಾಲು ಊದಿ ಚಪ್ಪಲಿ ಹಿಡಿಸಲಿಲ್ಲ, ಆದರೂ ಊರು ಮುಟ್ಟಿದಳು. ಉಡುಪಿಯ ಆಸ್ಪತ್ರೆಯಲ್ಲಿ ಹೆಣ್ಣು ಮಗು ಹುಟ್ಟಿತು. ಆಕೆ ಮತ್ತೆ ಕುವೈತಿಗೆ ಬರಲಿಲ್ಲ.

ಯುದ್ಧ ಮುಗಿದು ೧೯೯೧ರಲ್ಲಿ ಶಾಲೆ ತೆರೆದಾಗ ನನ್ನನ್ನು ಕರೆಸಿಕೊಂಡರು. ಎಣ್ಣೆಬಾವಿಗಳ ಹೊಗೆಯ ಕರಿ ಕಿಟಕಿಗಳಿಂದ ಇನ್ನೂ ಪೂರ್ತಿ ಹೋಗಿರಲಿಲ್ಲ. ಅದೇ ವೈಸ್ ಪ್ರಿನ್ಸಿಪಾಲರು ಈಗ ಪ್ರಿನ್ಸಿಪಾಲರು. ಅನುಮತಿಯಿಲ್ಲದೆ ಬೀರು ತೆರೆದದ್ದಕ್ಕೆ ಕ್ಷಮೆ ಬರೆದುಕೊಡಿ ಎಂದರು. ಬರೆಯುವುದಿಲ್ಲ ಎಂದೆ. ಮಾಲೀಕರಿಗೆ ಫಿಸಿಕ್ಸ್ ಟೀಚರ್ ಬೇಕಿತ್ತು, ಆ ವಿಷಯ ಅಲ್ಲಿಗೇ ನಿಂತಿತು.

ಅದೇ ವಾರ ಮಂಡ್ಯದಿಂದ ಹೊಸದಾಗಿ ಬಂದ ಹುಡುಗಿಯೊಬ್ಬಳು ಆಫೀಸಿನಲ್ಲಿ ಪಾಸ್‌ಪೋರ್ಟ್ ಹಿಡಿದು ನಿಂತಿದ್ದಳು. ಪ್ರಿನ್ಸಿಪಾಲರು ಕೈ ಚಾಚಿದ್ದರು. ಆಕೆ ನನ್ನ ಮುಖ ನೋಡಿದಳು.

“ಇಕಾಮಾ ಹೊಡೆಸೋಕೆ ಬೇಕಾದಾಗ ಕೊಡು, ಮುಗಿದ ದಿನ ಇಸ್ಕೊ. ಇವತ್ತು ಕೊಡಬೇಡಮ್ಮ” ಎಂದೆ. ಇಕಾಮಾ ಎಂದರೆ ವಾಸದ ಪರವಾನಗಿಯ ಮುದ್ರೆ.

“ನೀವು ಸ್ಟಾಫನ್ನು ಕೆಡಿಸ್ತಿದೀರಿ” ಎಂದರು ಪ್ರಿನ್ಸಿಪಾಲರು. ಆ ಹುಡುಗಿ ಪಾಸ್‌ಪೋರ್ಟನ್ನು ವ್ಯಾನಿಟಿ ಬ್ಯಾಗಿಗೆ ಹಾಕಿ ಜಿಪ್ ಎಳೆದುಕೊಂಡಳು. ಮರುವಾರ ನನ್ನಿಂದ ಹನ್ನೆರಡನೆಯ ತರಗತಿ ಕಿತ್ತುಕೊಂಡು ಆರನೆಯ ಕ್ಲಾಸಿನ ಸೈನ್ಸ್ ಕೊಟ್ಟರು. ಆರನೆಯ ಕ್ಲಾಸಿನ ಮಕ್ಕಳು ಬಹಳ ಪ್ರಶ್ನೆ ಕೇಳುತ್ತಾರೆ. ನಾನು ನಿವೃತ್ತಿಯವರೆಗೂ ಅವರಿಗೇ ಪಾಠ ಹೇಳಿದೆ.

ನನ್ನ ಕೆಲಸ ನನಗೆ ಕಲಿಸಿದ್ದು ಇಷ್ಟು: ನಿಯಮ ಎಂದು ಯಾರಾದರೂ ಹೇಳಿದಾಗ, ಹೇಳುವವರಿಗೂ ಅದು ಅನ್ವಯಿಸುತ್ತದೆಯೇ ಎಂದು ಮೊದಲು ಕೇಳಬೇಕು. ಅವರು ಮುಖ ಗಂಟಿಕ್ಕಿದರೆ ಇನ್ನೊಮ್ಮೆ ಕೇಳಬೇಕು.